ಹಾಡಿನಲ್ಲಿಲ್ಲದ ಪದ, ಮಗುವಿನ ಬಾಯಲ್ಲಿ

1980ರಲ್ಲಿ ‘ಕುರ್ಬಾನಿ’ ತೆರೆಕಂಡಾಗ ಅದರ ‘ಆಪ್ ಜೈಸಾ ಕೋಯಿ’ ಹಾಡು ಹಿಂದಿ ಬಲ್ಲವರನ್ನೂ ಬಾರದವರನ್ನೂ ಒಂದೇ ಸಮನೆ ಕುಣಿಸಿತು. ಹಾಡಿದ ನಾಜಿಯಾ ಹಸನ್‌ಗೆ ಆಗ ಬರೀ 15 ವರ್ಷ. ರಾಗ ಹಾಕಿದ ಬಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಕೊಡವ. ಚಿತ್ರದ ನಿರ್ದೇಶಕರೂ ನಾಯಕರೂ ಆಗಿದ್ದ ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲೇ. ಆ ಹಾಡಿನ ಪಲ್ಲವಿಯಲ್ಲಿ ‘ಬಾತ್’ ಎಂಬ ಪದ ಬರುತ್ತದೆ, ಅಂದುಕೊಂಡಿದ್ದು ಕೈಗೂಡಿತು ಎಂಬ ಅರ್ಥದಲ್ಲಿ. ಅಂದಿನ ಎಷ್ಟೋ ಮಕ್ಕಳಿಗೆ ಅದು ‘ಬಾಪ್’ ಎಂದು ಕೇಳಿಸಿತು. ಒಂದು ಅಕ್ಷರ ಬದಲಾಗಿದ್ದೇ ತಡ, ಪ್ರೇಮಗೀತೆಯೊಳಗೆ ಯಾರೋ ಅಪ್ಪನಾಗಿಬಿಟ್ಟರು! ಆ ತಲೆಮಾರಿನವರು ಒಟ್ಟಿಗೆ ಕೂತಾಗ ಈಗಲೂ ಈ ಮಾತು ಬಂದು ನಗೆ ಏಳುತ್ತದೆ.

ಕರ್ನಾಟಕದ ಮಗುವಿಗೆ ಹಾಡಿನ ಪದ ಸರಿಯಾಗಿಯೇ ಕೇಳಿಸಿದ್ದರೂ ತೊಡಕು ತಪ್ಪುತ್ತಿರಲಿಲ್ಲ. ಹಿಂದಿಯ ‘ಬಾತ್’ ಅದಕ್ಕೆ ಗೊತ್ತಿಲ್ಲ. ವಾಂಗಿಬಾತ್, ಖಾರಾಬಾತ್, ಬಿಸಿಬೇಳೆಬಾತ್ ಚೆನ್ನಾಗಿ ಗೊತ್ತು. ಇಷ್ಟು ಚೆಂದದ ಹಾಡಿನಲ್ಲಿ ತಿಂಡಿಯ ಮಾತು ಯಾಕೆ ಬಂತು ಎಂದು ಅದು ಕೇಳಿದ್ದರೆ, ಆ ಪ್ರಶ್ನೆಯಲ್ಲಿ ಪೆದ್ದುತನ ಲವಲೇಶವೂ ಇರಲಿಲ್ಲ.

ಹಾಡಿನ ಸಾಹಿತ್ಯವನ್ನು ಮಕ್ಕಳು ತಪ್ಪಾಗಿ ಕೇಳಿಸಿಕೊಂಡಾಗ ಮನೆಮಂದಿಯೆಲ್ಲ ನಗುತ್ತಾರೆ, ಒಡನೆಯೇ ತಿದ್ದುತ್ತಾರೆ, ಮರೆಯುತ್ತಾರೆ. ಆ ತಪ್ಪನ್ನು ತುಸು ಹತ್ತಿರದಿಂದ ನೋಡಿದರೆ ಬೇರೆಯದೇ ಕಾಣುತ್ತದೆ. ಮಗು ಅಲ್ಲಿ ಭಾಷೆಯನ್ನು ಕಟ್ಟುತ್ತಿದೆ. ಗೊತ್ತಿಲ್ಲದ ಸದ್ದಿಗೆ ಗೊತ್ತಿರುವ ಪದವನ್ನು ಹೊಂದಿಸಿ, ಹೇಗಾದರೂ ಅರ್ಥ ಹೊರಡಿಸಲು ಹೆಣಗುತ್ತಿದೆ. ಮಾತು ಕಲಿಯುವುದು ಎಂದರೆ ಬಹುಮಟ್ಟಿಗೆ ಇದೇ ಕೆಲಸ.

ಈ ವಿಷಯಕ್ಕೆ ಇಂಗ್ಲಿಷಿನಲ್ಲಿ ಹೆಸರು ಬಂದ ಕತೆ ಚೆನ್ನಾಗಿದೆ. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ಚಿಕ್ಕವಳಿದ್ದಾಗ ಅವಳ ತಾಯಿ ಹಳೆಯ ಲಾವಣಿಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅವುಗಳಲ್ಲೊಂದು ಸ್ಕಾಟ್ಲೆಂಡಿನ ಮರೇ ಪ್ರಾಂತದ ಅರ್ಲ್‌ನ ಕುರಿತದ್ದು. 1592ರಲ್ಲಿ ಹಗೆಗಳು ಕೊಂದುಹಾಕಿದ ಸಿರಿವಂತ ಅವನು. ಅವನನ್ನು ಕೊಂದು ಹಸಿರು ನೆಲದ ಮೇಲೆ ಕೆಡವಿದರು ಎಂದು ಲಾವಣಿ ಹೇಳುತ್ತದೆ. ‘ಲೇಡ್’ ಎಂದು ಶುರುವಾಗಿ ‘ಗ್ರೀನ್’ ಎಂದು ಮುಗಿಯುವ ಆ ಐದು ಪುಟ್ಟ ಪದಗಳು ಹುಡುಗಿಯ ಕಿವಿಯಲ್ಲಿ ಕೂಡಿಕೊಂಡು ಒಬ್ಬ ಹೆಂಗಸಾದವು: ಲೇಡಿ ಮಾಂಡೆಗ್ರೀನ್. ನಲ್ಲನ ಜೊತೆಯಲ್ಲೇ ಪ್ರಾಣ ಬಿಟ್ಟ ಈ ಮಹಿಳೆಯನ್ನು ಹುಡುಗಿ ಮನಸ್ಸಿನಲ್ಲಿ ಉಡುಗೆ ತೊಡುಗೆ ಸಮೇತ ಕಂಡಿದ್ದಳು. ಲಾವಣಿಯಲ್ಲಿ ಅಂಥ ಹೆಂಗಸೇ ಇಲ್ಲವೆಂದು ದೊಡ್ಡವಳಾದ ಮೇಲೆ ತಿಳಿಯಿತು. 1954ರ ನವೆಂಬರಿನಲ್ಲಿ ‘ಹಾರ್ಪರ್ಸ್’ ಮಾಸಪತ್ರಿಕೆಯಲ್ಲಿ ರೈಟ್ ಇದನ್ನು ಬರೆದರು. ಅರ್ಲ್ ಒಂಟಿಯಾಗಿ ಸತ್ತನೆಂಬ ನಿಜಕ್ಕಿಂತ ತಾನು ಕೇಳಿಸಿಕೊಂಡದ್ದೇ ಮೇಲು ಎನ್ನುವುದು ಅವರ ವಾದ. ಆ ಕಾಣದ ಹೆಂಗಸಿನ ಹೆಸರಿನಲ್ಲೇ ಇಂಥ ತಪ್ಪುಗಳನ್ನು ‘ಮಾಂಡೆಗ್ರೀನ್’ ಎಂದು ಕರೆಯುವುದು ರೂಢಿಗೆ ಬಂತು, ಇಂಗ್ಲಿಷ್ ನಿಘಂಟುಗಳನ್ನೂ ಸೇರಿತು.

ರಾಕ್ ಸಂಗೀತದಲ್ಲಿ ಇದರ ಬೆಳೆ ಹುಲುಸು. ಜಿಮಿ ಹೆಂಡ್ರಿಕ್ಸ್ 1967ರಲ್ಲಿ ಹಾಡಿದ ‘ಪರ್ಪಲ್ ಹೇಜ್’ನಲ್ಲಿ ಆಕಾಶಕ್ಕೆ ಮುತ್ತಿಡುವ ಮಾತು ಬರುತ್ತದೆ. ಕೇಳಿದವರಲ್ಲಿ ಬಹಳ ಮಂದಿಗೆ ಅವನು ಪಕ್ಕದಲ್ಲಿರುವ ಗಂಡಸಿಗೆ ಮುತ್ತಿಡುತ್ತೇನೆ ಎಂದಂತೆ ಕೇಳಿಸಿತು. ‘ಸ್ಕೈ’ ಎಂಬುದರ ‘ಸ’ಕಾರ ಹಿಂದಿನ ಪದಕ್ಕೆ ಅಂಟಿಕೊಂಡು, ಮಿಕ್ಕದ್ದು ‘ಗೈ’ ಆಯಿತು. ಕನ್ನಡ ವರ್ಣಮಾಲೆ ಬಲ್ಲವರಿಗೆ ಇದರ ಕಾರಣ ಬೇಗ ಹೊಳೆಯುತ್ತದೆ. ಪದದ ಮೊದಲಲ್ಲಿ ಬರುವ ಇಂಗ್ಲಿಷಿನ ‘ಕ’ ನಮ್ಮ ‘ಖ’ದಂತೆ ಉಸಿರು ಬೆರೆತು ಹೊರಡುತ್ತದೆ. ‘ಸ’ಕಾರದ ಬೆನ್ನಿಗೆ ಬಂದಾಗ ಆ ಉಸಿರು ಅಡಗಿ ನಮ್ಮ ಅಲ್ಪಪ್ರಾಣದ ‘ಕ’ ಆಗುತ್ತದೆ. ಉಸಿರಿಲ್ಲದ ಆ ‘ಕ’ವನ್ನು ಪದದ ಮೊದಲಲ್ಲಿ ಕೇಳಿ ರೂಢಿಯಿಲ್ಲದ ಇಂಗ್ಲಿಷ್ ಕಿವಿ ಅದನ್ನು ‘ಗ’ ಎಂದು ಎಣಿಸುತ್ತದೆ. ಕ, ಖ, ಗ, ಘ ಎಂದು ನಾಲ್ಕಾಗಿ ಬಿಡಿಸಿ ಕಲಿತವರಿಗೆ ಕೈಬೆರಳಲ್ಲಿ ತೋರಿಸಬಹುದಾದ ಸಂಗತಿ ಇದು. ಹೆಂಡ್ರಿಕ್ಸ್‌ನ ಆ ತಪ್ಪು ಸಾಲನ್ನೇ ಹೆಸರಾಗಿಟ್ಟುಕೊಂಡು ಗ್ಯಾವಿನ್ ಎಡ್ವರ್ಡ್ಸ್ 1995ರಲ್ಲಿ ಇಂಥವುಗಳ ಪುಸ್ತಕವನ್ನೇ ತಂದರು. ‘ಬ್ಯಾಡ್ ಮೂನ್ ರೈಸಿಂಗ್’ ಹಾಡಿನದು ಇನ್ನೂ ಮುಂದಿನ ಹೆಜ್ಜೆ. 1969ರ ಆ ಹಾಡಿನಲ್ಲಿ ಕೇಡಿನ ಚಂದ್ರ ಮೇಲೇರುತ್ತಾನೆ; ಜನಕ್ಕೆ ಕೇಳಿಸಿದ್ದು ಬಚ್ಚಲುಮನೆ ಬಲಗಡೆ ಇದೆ ಎಂದು. ಅದನ್ನು ಬರೆದು ಹಾಡಿದ ಜಾನ್ ಫೋಗರ್ಟಿ ವೇದಿಕೆಯ ಮೇಲೆ ಬೇಕೆಂದೇ ಬಚ್ಚಲುಮನೆಯ ಸಾಲನ್ನು ಹಾಡಿ ಕೇಳುಗರನ್ನು ಸಂತೋಷಪಡಿಸಿದ್ದಾರೆ.

ಇಷ್ಟಕ್ಕೂ ಕಿವಿ ಯಾಕೆ ಹೀಗೆ ಮಾಡುತ್ತದೆ?

ಬರೆದ ಸಾಲಿನಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಇರುತ್ತದೆ. ಆಡಿದ ಮಾತಿನಲ್ಲಿ ಅಂಥ ಜಾಗ ಇರುವುದಿಲ್ಲ. ಗೊತ್ತಿಲ್ಲದ ಭಾಷೆಯವರು ಮಾತಾಡುವಾಗ ಎಲ್ಲ ಒಂದೇ ಉಸುರಿನಲ್ಲಿ ಓಡಿದಂತೆ ಅನ್ನಿಸುವುದು ಇದಕ್ಕೇ. ಅವರಿಗೂ ನಮ್ಮ ಕನ್ನಡ ಹಾಗೆಯೇ ಕೇಳಿಸುತ್ತದೆ. ಪದಗಳ ಗಡಿಯನ್ನು ಕೇಳುವವರ ಮಿದುಳು ತಾನೇ ಹಾಕಿಕೊಳ್ಳುತ್ತದೆ. ಹಸುಗೂಸುಗಳು ಇದನ್ನು ಹೇಗೆ ಸಾಧಿಸುತ್ತವೆ ಎಂಬುದಕ್ಕೆ 1996ರಲ್ಲಿ ಜೆನ್ನಿ ಸಾಫ್ರನ್, ರಿಚರ್ಡ್ ಆಸ್ಲಿನ್, ಎಲಿಸ್ಸಾ ನ್ಯೂಪೋರ್ಟ್ ಎಂಬ ಮೂವರು ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸೊಗಸಾದ ಉತ್ತರ ಕೊಟ್ಟರು. ಮೂರು ಮೂರು ಅಕ್ಷರದ ಹುಸಿ ಪದಗಳನ್ನು ಹೆಣೆದು, ನಡುವೆ ಎಲ್ಲೂ ನಿಲ್ಲಿಸದೆ, ಎರಡೇ ನಿಮಿಷ 8 ತಿಂಗಳ ಕೂಸುಗಳಿಗೆ ಕೇಳಿಸಿದರು. ಯಾವ ಅಕ್ಷರದ ಹಿಂದೆ ಯಾವುದು ತಪ್ಪದೆ ಬರುತ್ತದೆ ಎಂಬುದನ್ನು ಆ ಕೂಸುಗಳು ಅಷ್ಟರಲ್ಲೇ ಗುರುತು ಹಿಡಿದವು. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಹುಟ್ಟಿತು ಎಂಬುದು ಅವಕ್ಕೆ ಗೊತ್ತಾಗಿತ್ತು. ಕನ್ನಡದಲ್ಲಿ ಹೇಳುವುದಾದರೆ ‘ಬೆ’ ಆದಮೇಲೆ ‘ಕ್ಕು’ ಬರುವುದು ಮತ್ತೆ ಮತ್ತೆ ಕೇಳಿಸುತ್ತದೆ. ‘ಕ್ಕು’ ಆದಮೇಲೆ ಏನು ಬೇಕಾದರೂ ಬರಬಹುದು. ಹಾಗಾದರೆ ಬೆಕ್ಕು ಒಂದು ಪದ. ಒಂದು ಮಾತೂ ಆಡಲಾರದ ಕೂಸು ಈ ಲೆಕ್ಕ ಹಾಕುತ್ತದೆ ಎಂಬುದು ಮೈನವಿರೇಳಿಸುವ ವಿಷಯ.

ಇನ್ನೊಂದು ಪ್ರಯೋಗ ಇದಕ್ಕೂ ಹಳೆಯದು. 1970ರಲ್ಲಿ ರಿಚರ್ಡ್ ವಾರನ್ ಎಂಬ ಮನೋವಿಜ್ಞಾನಿ ಧ್ವನಿಮುದ್ರಿಸಿದ ಒಂದು ವಾಕ್ಯದಲ್ಲಿ ಒಂದು ಸದ್ದನ್ನು ಪೂರ್ತಿ ತೆಗೆದು, ಆ ಜಾಗದಲ್ಲಿ ಕೆಮ್ಮು ಸೇರಿಸಿದರು. ಕೇಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಯಾವ ಸದ್ದೂ ಬಿಟ್ಟುಹೋಗಿಲ್ಲ ಎಂದೇ ಹೇಳಿದರು. ಮಿದುಳು ತನಗೆ ಬೇಕಾದ ಸದ್ದನ್ನು ತಾನೇ ಹುಟ್ಟಿಸಿಕೊಂಡು ಕೇಳಿಸಿಕೊಂಡಿತ್ತು. ದೊಡ್ಡವರ ಮಿದುಳಿನಲ್ಲಿ ಸಾವಿರಾರು ಪದಗಳಿರುವುದರಿಂದ ಹೀಗೆ ತುಂಬಿಸಿದ್ದು ಸಾಮಾನ್ಯವಾಗಿ ಸರಿಯಾಗಿರುತ್ತದೆ. ಐದು ವರ್ಷದ ಮಗುವಿನ ಬಳಿ ಇರುವ ಪದಗಳು ಕಡಿಮೆ: ಅಮ್ಮ, ಅಜ್ಜಿ, ಆನೆ, ಅನ್ನ, ಬಸ್ಸು, ಬೀದಿ. ವಿರಹ, ಅನುರಾಗ, ಸಂಗಮ ಎಂಬ ಪದಗಳನ್ನು ಅದು ಎಲ್ಲಿಂದ ತರಬೇಕು?

ಹಾಡು ಈ ಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮಾತಿನಲ್ಲಿ ಇರುವ ಏರಿಳಿತ, ತಡೆ, ಒತ್ತು ಎಲ್ಲವನ್ನೂ ರಾಗತಾಳಗಳು ಅಳಿಸಿ ತಮ್ಮದನ್ನು ಬರೆಯುತ್ತವೆ. ತಾರಸ್ಥಾಯಿಯಲ್ಲಿ ದನಿ ಬಹಳ ಮೇಲಕ್ಕೆ ಹೋದಾಗ ಇ, ಎ, ಅ ಸ್ವರಗಳ ನಡುವಿನ ವ್ಯತ್ಯಾಸವೇ ಮಸುಕಾಗುತ್ತದೆ. ಕನ್ನಡಕ್ಕಂತೂ ಹಾಡಿನಲ್ಲಿ ಸ್ವರ ಎಳೆಯುವುದು ಜೀವಕ್ಕೇ ಬರುವ ಸಂಗತಿ, ಯಾಕೆಂದರೆ ನಮ್ಮಲ್ಲಿ ಹ್ರಸ್ವ ದೀರ್ಘವಾದರೆ ಪದವೇ ಬೇರೆ. ಬಳೆ ತುಸು ಎಳೆದರೆ ಬಾಳೆ, ಮರ ಎಳೆದರೆ ಮಾರ, ಕರು ಎಳೆದರೆ ಕಾರು. ತಾಳಕ್ಕೆ ಸರಿಹೊಂದಲಿ ಎಂದು ಗಾಯಕರು ಒಂದು ಮಾತ್ರೆ ಎಳೆದ ಕಡೆ ಮಗು ಬೇರೆಯದನ್ನೇ ಕೇಳಿಸಿಕೊಂಡರೆ ಅದರ ಕಿವಿ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ.

ಸಂಧಿಯ ಕತೆ ಇನ್ನೂ ರುಚಿಯಾದದ್ದು. ಬೆಟ್ಟ ಮತ್ತು ತಾವರೆ ಸೇರಿ ‘ಬೆಟ್ಟದಾವರೆ’ ಆಗುತ್ತದೆ ಎಂದು ಆದೇಶಸಂಧಿಗೆ ಶಾಲೆಯಲ್ಲಿ ಉದಾಹರಣೆ ಕೊಡುತ್ತಾರೆ. ವ್ಯಾಕರಣ ಓದದ ಮಗು ಇದನ್ನು ಹೇಗೆ ಬಿಡಿಸಬೇಕು? ‘ಬೆಟ್ಟದ’ ಎಂಬುದು ಅದಕ್ಕೆ ದಿನವೂ ಕೇಳುವ ಪದ. ಮಿಕ್ಕದ್ದು ‘ಆವರೆ’. ಮಾಗಿಯ ಚಳಿಯಲ್ಲಿ ಮನೆಮಂದಿಯೆಲ್ಲ ಕೂತು ಅವರೆಕಾಯಿ ಸುಲಿಯುವುದನ್ನು ಕಂಡ ಹಳೆಮೈಸೂರು ಸೀಮೆಯ ಮಗು ‘ಬೆಟ್ಟದ ಅವರೆ’ ಎಂದೇ ತಿಳಿಯುವುದು ಸಹಜ. ಷಷ್ಠೀ ವಿಭಕ್ತಿಯನ್ನು ಗುರುತಿಸಿ, ಅದರ ಮುಂದೆ ನಾಮಪದ ಬರಬೇಕು ಎಂದು ಊಹಿಸಿ, ಹತ್ತಿರದ ನಾಮಪದವನ್ನು ತಂದು ಕೂರಿಸಿದ ಮಗುವಿಗೆ ಕನ್ನಡದ ನಡೆ ಚೆನ್ನಾಗಿ ಗೊತ್ತಿದೆ. ತಾವರೆ ಒಂದು ತಪ್ಪಿಹೋಯಿತು, ಅಷ್ಟೆ.

ಇಂಥ ತಪ್ಪಿನಿಂದ ಒಬ್ಬ ಅರಸ ಮುಖಭಂಗ ಅನುಭವಿಸಿದ ಕತೆಯನ್ನು 11ನೇ ಶತಮಾನದ ಕಾಶ್ಮೀರದ ಸೋಮದೇವ ‘ಕಥಾಸರಿತ್ಸಾಗರ’ದಲ್ಲಿ ಹೇಳಿದ್ದಾನೆ. ಶಾತವಾಹನ ರಾಜ ರಾಣಿಯರ ಜೊತೆ ನೀರಾಟದಲ್ಲಿದ್ದಾಗ ಒಬ್ಬ ರಾಣಿ, ಇನ್ನು ನೀರೆರಚಬೇಡಿ ಎಂದು ಸಂಸ್ಕೃತದಲ್ಲಿ ಹೇಳಿದಳು. ಬೇಡ ಎನ್ನುವ ‘ಮಾ’, ನೀರಿನಿಂದ ಎನ್ನುವ ‘ಉದಕೈಃ’ ಎರಡೂ ಗುಣಸಂಧಿಯಲ್ಲಿ ಕೂಡಿ ‘ಮೋದಕೈಃ’ ಆಯಿತು. ರಾಜನಿಗೆ ಕೇಳಿಸಿದ್ದು ಮೋದಕ. ಕೂಡಲೇ ಕಡುಬು ತರಿಸಿದ. ರಾಣಿ ನಕ್ಕಳು, ಸಂಧಿಯೂ ತಿಳಿಯದ ಅರಸನೇ ಎಂದು ಹಂಗಿಸಿದಳು. ನಾಚಿಕೆಯಿಂದ ರಾಜ ಊಟ ಮಾತು ಎರಡನ್ನೂ ಬಿಟ್ಟ. ಆರು ವರ್ಷದಲ್ಲಿ ವ್ಯಾಕರಣ ಕಲಿಸುತ್ತೇನೆ ಎಂದು ಆಸ್ಥಾನದ ಪಂಡಿತ ಗುಣಾಢ್ಯ ಹೇಳಿದರೆ, ಆರೇ ತಿಂಗಳು ಸಾಕೆಂದು ಇನ್ನೊಬ್ಬ ಪಂಡಿತ ಶರ್ವವರ್ಮ ಪಣ ತೊಟ್ಟು ಗೆದ್ದ. ಅದಕ್ಕಾಗಿ ಬಂದದ್ದೇ ಕಾತಂತ್ರ ವ್ಯಾಕರಣ. ಸೋತ ಗುಣಾಢ್ಯ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆದು ಕಾಡು ಸೇರಿ ಪೈಶಾಚಿ ಭಾಷೆಯಲ್ಲಿ ‘ಬೃಹತ್ಕಥೆ’ ಬರೆದ. ಕನ್ನಡದ ದುರ್ಗಸಿಂಹ ತನ್ನ ‘ಪಂಚತಂತ್ರ’ದ ಮೂಲವನ್ನು ಇದೇ ಗುಣಾಢ್ಯನವರೆಗೆ ಒಯ್ಯುತ್ತಾನೆ. ನಡೆದದ್ದೋ ಕಲ್ಪಿಸಿದ್ದೋ, ಕಿವಿತಪ್ಪೊಂದು ಇಷ್ಟು ದೊಡ್ಡ ಕತೆಯ ಕಣಜಕ್ಕೆ ಬಾಗಿಲು ತೆರೆಯಿತು ಎಂದು ನಮ್ಮ ಹಿರಿಯರು ನಂಬಿದ್ದರು ಎಂಬುದೇ ಸಂತೋಷದ ಸಂಗತಿ.

ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಮಕ್ಕಳು ದಿನವೂ ರಾಣಿಯ ಸಂಸ್ಕೃತವನ್ನೇ ಎದುರಿಸುತ್ತಾರೆ. ಸೋಸಲೆ ಅಯ್ಯಾ ಶಾಸ್ತ್ರಿಗಳ ‘ಸ್ವಾಮಿ ದೇವನೆ’ ಪ್ರಾರ್ಥನೆಯನ್ನು ತಲೆಮಾರುಗಟ್ಟಲೆ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಕನ್ನಡದ ಜೊತೆ ಸಂಸ್ಕೃತ ಬೆರೆತ ಅದರ ಮಾತುಗಳು ಎಷ್ಟು ಜನಕ್ಕೆ ಆಗ ಬಿಡಿಬಿಡಿಯಾಗಿ ತಿಳಿದಿದ್ದವು? 2004ರಲ್ಲಿ ನಾಡಗೀತೆಯಾದ ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯಲ್ಲಿ ರನ್ನ, ಪೊನ್ನ, ಜನ್ನ ಬರುತ್ತಾರೆ. ಹಳಗನ್ನಡದ ಮಹಾಕವಿಗಳಾದ ಇವರು ಒಂದನೇ ತರಗತಿಯ ಮಗುವಿಗೆ ಅನ್ನ, ಚಿನ್ನಗಳ ಬಳಗದವರು. ‘ತನುಜಾತೆ’ ಎಂದರೆ ಮಗಳು ಎಂದು ಹೇಳಿಕೊಡುವುದಕ್ಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ಕೊಡದೆ, ಮಕ್ಕಳ ಕೈಲಿ ವರ್ಷಗಟ್ಟಲೆ ಬರಿಯ ಸದ್ದನ್ನು ಹಾಡಿಸುವುದು ಕವಿಗೂ ಮಗುವಿಗೂ ಮಾಡುವ ಅನ್ಯಾಯ. ರಾಗ ಯಾವುದಿರಬೇಕು, ಎಷ್ಟು ನಿಮಿಷದಲ್ಲಿ ಹಾಡಿ ಮುಗಿಸಬೇಕು ಎಂಬುದಕ್ಕೆ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು; ಪದಗಳ ಅರ್ಥಕ್ಕೂ ಅಷ್ಟೇ ಆಸ್ಥೆ ಸಲ್ಲಬೇಕು.

ಎಲ್ಲ ತಪ್ಪೂ ತಪ್ಪೇ ಎಂದು ತೀರ್ಪು ಕೊಡುವ ಮುನ್ನ ಒಂದು ಶಿಶುಪ್ರಾಸವನ್ನು ನೋಡಬೇಕು. ‘ರಿಂಗ ರಿಂಗ ರೋಸಸ್’ ಎಂದು ಕೈ ಹಿಡಿದು ಸುತ್ತುವ ನಮ್ಮ ಅಂಗನವಾಡಿ, ನರ್ಸರಿ ಮಕ್ಕಳು ಕೊನೆಗೆ ‘ಹುಶಾ ಬುಶಾ’ ಎಂದು ಕೂಗಿ ಕುಕ್ಕರಿಸುತ್ತಾರೆ. ಇಂಗ್ಲೆಂಡಿನ ಮಕ್ಕಳು ಅದೇ ಜಾಗದಲ್ಲಿ ಸೀನಿದಂತೆ ಸದ್ದು ಮಾಡುತ್ತಾರೆ. ಹಾಗಾಗಿ ನಮ್ಮದು ಕೇಳಿ ಕೆಟ್ಟ ರೂಪ ಎಂದೇ ಅನೇಕರ ಎಣಿಕೆ. ಆದರೆ 1881ರಲ್ಲಿ ಕೇಟ್ ಗ್ರೀನವೇ ಎಂಬ ಚಿತ್ರಕಲಾವಿದೆ ಪ್ರಕಟಿಸಿದ ಶಿಶುಪ್ರಾಸಗಳ ಪುಸ್ತಕದಲ್ಲಿ ಸೀನೇ ಇಲ್ಲ. ‘ಹಷ್’ ಎಂಬ ಪದ ನಾಲ್ಕು ಸಲ ಬರುತ್ತದೆ. ಇಂಗ್ಲೆಂಡಿನಲ್ಲಿ ಸವೆದುಹೋದ ಹಳೆಯ ಪಾಠವೊಂದು ಭಾರತದ ಮಕ್ಕಳ ಬಾಯಲ್ಲಿ ಉಳಿದಿರಬಹುದು ಎಂಬ ಅನುಮಾನಕ್ಕೆ ಇಷ್ಟು ಆಧಾರ ಸಾಕು.

ಹಿಂದೆ ತಪ್ಪು ಕೇಳಿಸಿದ್ದು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತಿತ್ತು. ಅದಕ್ಕೆ ಯಂತ್ರದ ಪಾಲೂ ಇತ್ತು. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿ, ಧಾರವಾಡ 765ರಲ್ಲಿ, ಎರಡೂ ಮೀಡಿಯಂ ವೇವ್. ಆ ಪ್ರಸಾರವನ್ನು ಹಿಡಿಯುವ ಮನೆಯ ಟ್ರಾನ್ಸಿಸ್ಟರಿನಲ್ಲಿ 5,000 ಹರ್ಟ್ಸ್ ದಾಟಿದ ಧ್ವನಿ ಹೆಚ್ಚುಕಡಿಮೆ ಇರುವುದೇ ಇಲ್ಲ. ‘ಸ’ಕಾರದ ಸದ್ದಿನ ಬಲವೆಲ್ಲ ಇರುವುದು ಆ ಮೇಲಿನ ಭಾಗದಲ್ಲಿ. ಹಾಗಾಗಿ ಸಕಾರ ಸೊರಗುತ್ತಿತ್ತು. 1952ರಲ್ಲಿ ಶುರುವಾದ ಬಿನಾಕಾ ಗೀತ್‌ಮಾಲಾ ಬರುತ್ತಿದ್ದ ರೇಡಿಯೋ ಸಿಲೋನಿನ ಶಾರ್ಟ್‌ವೇವ್‌ನಲ್ಲಂತೂ ಹಾಡು ಅಲೆಯಂತೆ ಬಂದು ಹೋಗುತ್ತಿತ್ತು. ಸಾಹಿತ್ಯ ಸರಿಯಾಗಿ ಬೇಕೆಂದರೆ ಚಿತ್ರಮಂದಿರದ ಬಾಗಿಲಲ್ಲೋ ಬಸ್ ನಿಲ್ದಾಣದಲ್ಲೋ ಮಾರುತ್ತಿದ್ದ ತೆಳ್ಳನೆಯ ಪದ್ಯಾವಳಿಯೇ ಗತಿ. ಅದನ್ನು ಕೊಂಡವರ ಮನೆಯಲ್ಲಿ ತಪ್ಪು ತಿದ್ದಿಹೋಗುತ್ತಿತ್ತು, ಅಕ್ಕಪಕ್ಕದವರು ಎರವಲು ಒಯ್ದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಹಾಡಿನ ಸಾಲನ್ನು ಅದೇ ಭಾಷೆಯಲ್ಲಿ ತೆರೆಯ ಮೇಲೆ ತೋರಿಸಿದರೆ ಓದು ಬಾರದವರಿಗೂ ಓದು ಹತ್ತುತ್ತದೆ ಎಂಬ ಯೋಚನೆಯನ್ನು ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ 1996ರಲ್ಲಿ ಹಿಡಿದು ಹೊರಟರು. ದೂರದರ್ಶನದ ಚಿತ್ರಹಾರ್, ರಂಗೋಲಿಗಳವರೆಗೂ ಅದು ಬಂತು. ಎಲ್ಲರಿಗೂ ಗೊತ್ತಿರುವ ಹಾಡನ್ನು ಓದಿನ ಮೆಟ್ಟಿಲಾಗಿ ಮಾಡಿಕೊಂಡ ಈ ಯೋಜನೆ ನಮ್ಮ ದೇಶದ ಒಳ್ಳೆಯ ಕೆಲಸಗಳಲ್ಲೊಂದು.

ಮಕ್ಕಳು ಕೇಳಿಸಿಕೊಳ್ಳುವುದಕ್ಕೂ ದೊಡ್ಡವರು ಕೇಳಿಸಿಕೊಳ್ಳುವುದಕ್ಕೂ ಒಂದು ವ್ಯತ್ಯಾಸ ಇದೆ: ದೊಡ್ಡವರು ಮೊದಲೇ ತೀರ್ಮಾನಿಸಿಕೊಂಡು ಕೇಳುತ್ತಾರೆ. ಅಮೆರಿಕದಲ್ಲಿ 1963ರಲ್ಲಿ ಕಿಂಗ್ಸ್‌ಮೆನ್ ತಂಡ ಹಾಡಿದ ‘ಲೂಯಿ ಲೂಯಿ’ ಇದಕ್ಕೆ ಸಾಕ್ಷಿ. ರಿಚರ್ಡ್ ಬೆರ್ರಿ ಬರೆದ ಆ ಹಾಡಿನಲ್ಲಿ ಇರುವುದು ಮನೆಗೆ, ತನ್ನ ಹುಡುಗಿಯ ಬಳಿಗೆ ಹೊರಟ ನಾವಿಕನ ಹಂಬಲ. ಹಾಡಿದ ರೀತಿ ಮಾತ್ರ ತೀರ ಅಸ್ಪಷ್ಟ. ಅದರೊಳಗೆ ಅಶ್ಲೀಲ ಮಾತುಗಳಿವೆ ಎಂಬ ಗುಲ್ಲೆದ್ದು, ಪೋಷಕರ ದೂರು ಹೋಗಿ, ಎಫ್‌ಬಿಐ ತನಿಖೆಗೆ ಇಳಿಯಿತು. ರೆಕಾರ್ಡನ್ನು ವೇಗವಾಗಿ, ನಿಧಾನವಾಗಿ, ಬೇರೆ ಬೇರೆ ಗತಿಯಲ್ಲಿ ತಿರುಗಿಸಿ ನೋಡಿದರು. ಎರಡು ವರ್ಷಕ್ಕೂ ಮೀರಿದ ಆ ಶ್ರಮದ ಕೊನೆಗೆ, ಯಾವ ವೇಗದಲ್ಲೂ ಪದಗಳು ತಿಳಿಯುವುದಿಲ್ಲ ಎಂದು ಕಡತ ಮುಚ್ಚಿದರು. ಹದಿಹರೆಯದವರ ಬಗ್ಗೆ ದೊಡ್ಡವರಿಗಿದ್ದ ಅಂಜಿಕೆಯೇ ಆ ಹಾಡಿಗೆ ಪದ ಬರೆದಿತ್ತು.

ಜಪಾನಿನವರು ಇದನ್ನು ಆಟವಾಗಿ ಮಾಡಿಕೊಂಡರು. 1992ರಲ್ಲಿ ಅಲ್ಲಿನ ಟಿವಿಯ ‘ತಮೋರಿ ಕ್ಲಬ್’ ಕಾರ್ಯಕ್ರಮದಲ್ಲಿ ‘ಸೋರಾಮಿಮಿ’ ಎಂಬ ಭಾಗ ಶುರುವಾಯಿತು. ಪರದೇಶದ ಹಾಡಿನಲ್ಲಿ ಜಪಾನೀ ವಾಕ್ಯ ಕೇಳಿಸಿದವರು ಬರೆದು ಕಳಿಸಬೇಕಿತ್ತು. ತಂಡದವರು ಅದಕ್ಕೆ ಪುಟ್ಟ ನಾಟಕ ಕಟ್ಟಿ ತೋರಿಸುತ್ತಿದ್ದರು. ನೆದರ್ಲೆಂಡ್ಸ್‌ನಲ್ಲಿ ಮೈಕೆಲ್ ಜಾಕ್ಸನ್‌ನ ಒಂದು ಹಾಡಿನ ಆಫ್ರಿಕನ್ ಮೂಲದ ಉಲಿ ‘ಮಾಮಾ ಆಪಲ್‌ಸಾಪ್’, ಅಂದರೆ ಅಮ್ಮ ಸೇಬಿನ ರಸ ಎಂದು ಕೇಳಿಸಿ, ಡಚ್ಚರು ಇಂಥ ತಪ್ಪುಗಳನ್ನೆಲ್ಲ ಆ ಹೆಸರಿನಿಂದಲೇ ಕರೆಯುತ್ತಾರೆ.

ಈ ಆಟ ಎಲ್ಲೆ ಮೀರಿದ್ದೂ ಉಂಟು. ಮೈಸೂರಿನಲ್ಲಿ ಹುಟ್ಟಿದ, ಮೂಗೂರು ಸುಂದರ್ ಅವರ ಮಗ ಪ್ರಭುದೇವ ಕುಣಿದ ಒಂದು ತಮಿಳು ಹಾಡು, 2000ದ ‘ಪೆಣ್ಣಿನ್ ಮನದೈ ತೊಟ್ಟು’ ಚಿತ್ರದ್ದು, 2007ರಲ್ಲಿ ಅಮೆರಿಕದ ಒಬ್ಬರ ಕೈಗೆ ಸಿಕ್ಕಿತು. ತಮಿಳಿನ ಪದಗಳು ಇಂಗ್ಲಿಷ್ ಕಿವಿಗೆ ಹೇಗೆ ಕೇಳುತ್ತವೋ ಹಾಗೆ ತೆರೆಯ ಅಡಿಯಲ್ಲಿ ಬರೆದು ಯೂಟ್ಯೂಬಿಗೆ ಹಾಕಿದ್ದೇ ಹಾಕಿದ್ದು, ‘ಬೆನ್ನಿ ಲಾವಾ’ ಎಂಬ ಹೆಸರಿನಿಂದ ಅದು ಪ್ರಪಂಚವನ್ನೆಲ್ಲ ಸುತ್ತಿತು. ಬರೆದದ್ದನ್ನು ಒಮ್ಮೆ ಓದಿದ ಮೇಲೆ ಬೇರೇನೂ ಕೇಳಿಸದು. ಕಣ್ಣು ಹೇಳಿದ್ದನ್ನು ಕಿವಿ ಒಪ್ಪಿಕೊಳ್ಳುತ್ತದೆ. ನಗು ಬರುತ್ತದೆ ನಿಜ. ಆದರೂ ಮಗುವಿನ ತಪ್ಪಿಗೂ ಇದಕ್ಕೂ ಬಹಳ ಅಂತರ. ಮಗು ಅರ್ಥದ ಕಡೆಗೆ ನಡೆಯುತ್ತಿರುತ್ತದೆ. ಇಲ್ಲಿ ಕೋಟ್ಯಂತರ ಜನರ ಭಾಷೆಯೊಂದನ್ನು ಅರ್ಥವೇ ಇಲ್ಲದ ಸದ್ದು ಎಂದು ಎಣಿಸಿ ನಗಲಾಗಿದೆ. ಆ ಹಾಡನ್ನು ಬರೆದ ಕವಿಗೆ, ಹಾಡಿದವರಿಗೆ ಅದರಿಂದ ನೋವಾಗಿದ್ದರೆ ಆ ನೋವು ನ್ಯಾಯವಾದದ್ದೇ.

ಕನ್ನಡಕ್ಕೆ ಈಗ ಎದುರಾಗಿರುವ ಸಮಸ್ಯೆ ಕಿವಿಯದಲ್ಲ, ಲಿಪಿಯದು. ಹಿಂದಿ ಗಾಯಕರು ಕನ್ನಡದ ಹಾಡನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡಿದರೆ, ಹಿಂದಿಯ ಬರಹದಲ್ಲಿ ನಮ್ಮ ಹ್ರಸ್ವ ಎ, ಒ ಸ್ವರಗಳಿಗೆ ಅಕ್ಷರವಿಲ್ಲ. ಕೆರೆ ಕೇರೆಯಾಗಿ ನೀರಿನ ಜಾಗದಲ್ಲಿ ಹಾವು ಬರುತ್ತದೆ. ಕೊಡು ಎಂದರೆ ಕೋಡು ಮೂಡುತ್ತದೆ. ಆ ಹಾಡನ್ನು ಕೇಳಿ ಬೆಳೆವ ಮಗು ಕಲಿಯುವ ಕನ್ನಡವೂ ಅದೇ. ಅಮೆರಿಕ, ಬ್ರಿಟನ್, ಗಲ್ಫ್ ನಾಡುಗಳ ಕನ್ನಡಕೂಟಗಳಲ್ಲಿ ರಾಜ್ಯೋತ್ಸವಕ್ಕೆಂದು ಹಾಡು ಕಲಿಯುವ ಮಕ್ಕಳದು ಇನ್ನೊಂದು ಪಾಡು. ಅವರಲ್ಲಿ ಅನೇಕರಿಗೆ ಸಾಹಿತ್ಯ ಸಿಗುವುದು ಇಂಗ್ಲಿಷ್ ಅಕ್ಷರದಲ್ಲಿ. ಅಲ್ಲಿ ಲ, ಳ ಒಂದೇ; ನ, ಣ ಒಂದೇ; ತ, ಟ ಒಂದೇ. ಹಾಲು ಮತ್ತು ಹಾಳು, ಮನೆ ಮತ್ತು ಮಣೆ, ಬೆಲೆ ಮತ್ತು ಬೆಳೆ ನಡುವಿನ ವ್ಯತ್ಯಾಸ ಕಾಗದದ ಮೇಲೆ ಇಲ್ಲವೇ ಇಲ್ಲ. ಲಾಲಿ ಹಾಡಿನಲ್ಲಿ ಹಾಲು ಕುಡಿಯಬೇಕಾದ ಕಂದ ಹಾಳು ಕುಡಿಯಿತು ಎಂದಾದರೆ ಅಜ್ಜಿಯ ಎದೆ ಧಸಕ್ಕೆನ್ನುವುದಿಲ್ಲವೆ? ನಾಲ್ಕು ವಾರ ಹಿಡಿದರೂ ಸರಿ, ಮೊದಲು ಅಕ್ಷರ ಕಲಿಸಿ ಆಮೇಲೆ ಹಾಡು ಕಲಿಸುವುದು ಮೇಲು. ಅದು ಆಗದಿದ್ದರೆ ಬಾಯಿಂದ ಬಾಯಿಗೇ ಕಲಿಸಲಿ. ಇಂಗ್ಲಿಷ್ ಅಕ್ಷರದ ಚೀಟಿಗಿಂತ ಅಜ್ಜಿಯ ಬಾಯಿ ಸಾವಿರ ಪಾಲು ನಂಬಿಕೆಗೆ ತಕ್ಕದ್ದು.

ಈಗ ಫೋನಿನಲ್ಲಿ ಹಾಡಿನ ಜೊತೆಗೇ ಸಾಲುಗಳು ಮೂಡುತ್ತವೆ, ಓದು ಬಲ್ಲವರ ತಪ್ಪು ಅರೆಗಳಿಗೆಯಲ್ಲಿ ಕರಗುತ್ತದೆ. ಓದು ಇನ್ನೂ ಬಾರದ ಮೂರರಿಂದ ಆರು ವರ್ಷದವರು ಮಾತ್ರ ಎಂದಿನಂತೆ ಕಿವಿಯನ್ನೇ ನೆಚ್ಚಿದ್ದಾರೆ. ಅವರು ಹಾಡುವುದನ್ನು ತಿದ್ದುವ ಮೊದಲು, ‘ಇದರಲ್ಲಿ ಏನಾಗುತ್ತೆ ಹೇಳು ಪುಟ್ಟಾ’ ಎಂದು ಕೇಳಿದರೆ ಒಂದು ಇಡೀ ಕತೆ ಹೊರಬರುತ್ತದೆ. 1949ರಲ್ಲಿ ಜೀನ್ ಆಟ್ರಿ ಹಾಡಿದ, ಹಿಮಸಾರಂಗವೊಂದರ ಕತೆ ಹೇಳುವ ಕ್ರಿಸ್‌ಮಸ್ ಗೀತೆಯಲ್ಲಿ ‘ಆಲ್ ಆಫ್’ ಎಂಬ ಎರಡು ಪದಗಳು ಮಕ್ಕಳಿಗೆ ‘ಆಲಿವ್’ ಎಂದು ಕೇಳಿಸುತ್ತಿದ್ದವು. ಆಲಿವ್ ಎಂಬ ಇನ್ನೊಂದು ಹಿಮಸಾರಂಗ ಇರಬೇಕು ಎಂದು ಅವರ ನಂಬಿಕೆ. ವಿವಿಯನ್ ವಾಲ್ಶ್, ಜೆ. ಆಟೋ ಸೈಬೋಲ್ಡ್ ಅದನ್ನೇ ಹಿಡಿದು, ತಾನೇ ಆ ಸಾರಂಗವೆಂದು ತಿಳಿದು ಉತ್ತರಧ್ರುವಕ್ಕೆ ಹೊರಡುವ ಆಲಿವ್ ಎಂಬ ಪುಟ್ಟ ನಾಯಿಯ ಚಿತ್ರಪುಸ್ತಕವನ್ನು 1997ರಲ್ಲಿ ತಂದರು. ಎರಡು ವರ್ಷದಲ್ಲಿ ಅದು ಟಿವಿಯ ಅನಿಮೇಷನ್ ಚಿತ್ರವಾಯಿತು. ನಮ್ಮ ಮಕ್ಕಳ ಸಾಹಿತಿಗಳು ಕೂಡ ಅಂಗನವಾಡಿಗಳ ಅಂಗಳದಲ್ಲಿ ಒಂದು ಮಧ್ಯಾಹ್ನ ಕಿವಿಗೊಟ್ಟು ಕೂತರೆ ಬೆಟ್ಟದ ಅವರೆಯಂಥ ಎಷ್ಟು ಕತೆಗಳು ಸಿಕ್ಕಾವು!

ಹಾಡಿನಲ್ಲಿ ತಪ್ಪು ಕೇಳಿಸಿದರೆ ಚಿಂತೆಯಿಲ್ಲ. ಆದರೆ ಎದುರಿಗೆ ನಿಂತು ಆಡಿದ ದಿನನಿತ್ಯದ ಮಾತೂ ಮಗುವಿಗೆ ತಪ್ಪಾಗಿ ಕೇಳಿಸುತ್ತಿದ್ದರೆ, ಮತ್ತೆ ಮತ್ತೆ ‘ಆಂ?’ ಎನ್ನುತ್ತಿದ್ದರೆ, ಟಿವಿಯ ಸದ್ದು ಜೋರು ಮಾಡುತ್ತಿದ್ದರೆ ಅದು ಬೇರೆ ವಿಷಯ. ನೆಗಡಿಯಾದ ಮೇಲೆ ಕಿವಿತಮಟೆಯ ಹಿಂದೆ ನೀರು ನಿಂತು ಕೇಳುವುದು ಮಂದವಾಗುವುದು ಚಿಕ್ಕ ಮಕ್ಕಳಲ್ಲಿ ಬಹಳ ಸಾಮಾನ್ಯ. ನೋವೂ ಇರುವುದಿಲ್ಲವಾದ್ದರಿಂದ ಮನೆಯವರಿಗೆ ತಿಳಿಯುವುದೇ ಇಲ್ಲ. ಹೇಳಿದ ಮಾತು ಕೇಳುವುದಿಲ್ಲ ಎಂದು ಮಗುವನ್ನು ಗದರುತ್ತಾರೆ. ಎಷ್ಟೋ ಮಕ್ಕಳಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು.